ನೀರಿಳಿದ ಮೇಲಿನ ವೇಳಚ್ಚೇರಿ

ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ನಮಗೆ ಏರಿ ಎಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಕಟ್ಟೆ. ಚೆನ್ನೈಗೆ ಬಂದ ಹೊಸದರಲ್ಲಿ ಈ ವ್ಯತ್ಯಾಸ ತಮಾಷೆಯಾಗಿ ಕಂಡಿತ್ತು. ವೇಳಚ್ಚೇರಿಯಲ್ಲಿ ನಾಲ್ಕು ಮಳೆಗಾಲ ಕಳೆದ ಮೇಲೆ ಅರ್ಥವಾಯಿತು: ಇಲ್ಲಿನ ಎಷ್ಟೋ ಮನೆಗಳು ನಿಂತಿರುವುದು ತಮಿಳರ ಏರಿಯೊಳಗೇ.

ದಕ್ಷಿಣ ಚೆನ್ನೈನ ಕೆರೆಗಳು ತುಂಬಿದರೆ ನೀರು ಪಳ್ಳಿಕರಣೆಯ ಜೌಗಿಗೆ ಇಳಿಯುತ್ತದೆ. ಅಲ್ಲಿಂದ ಒಕ್ಕಿಯಂ ಮಡುವು, ಬಕಿಂಗ್‌ಹ್ಯಾಮ್ ಕಾಲುವೆ ಹಿಡಿದು ಕೋವಳಂ ಹತ್ತಿರ ಸಮುದ್ರ ಸೇರುತ್ತದೆ. 2022ರಲ್ಲಿ ಈ ಜೌಗಿಗೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಅಷ್ಟರಲ್ಲಿ ಅದರ ಬಹುಪಾಲು ರಸ್ತೆ, ಕಟ್ಟಡ, ಕಸದ ಗುಡ್ಡೆಗಳ ಅಡಿ ಸೇರಿಹೋಗಿತ್ತು. ದಾರಿ ಕಿರಿದಾದ ನೀರು ನಮ್ಮ ಬೀದಿಗಳಲ್ಲಿ ನಿಂತು ತನ್ನ ಸರದಿ ಕಾಯುತ್ತದೆ.

2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ದಡ ಸೇರಿದ್ದು 5ನೇ ತಾರೀಕು, ಆಂಧ್ರದ ಬಾಪಟ್ಲದ ಹತ್ತಿರ. ಅದಕ್ಕೆ ಮುಂಚೆ 3 ಮತ್ತು 4ರಂದು ಚೆನ್ನೈನ ಮೇಲೆ ಸುರಿದ ಮಳೆಗೆ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಅದು ಇಳಿಯಲು ಮೂರು ದಿನ ಹಿಡಿಯಿತು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ.

ಇಲ್ಲಿ ವಿದ್ಯುತ್ ಇಲಾಖೆಗೆ ಎಲ್ಲರೂ ‘ಇ.ಬಿ.’ ಎನ್ನುತ್ತಾರೆ. ಇ.ಬಿ. ಲೈನ್ ತೆಗೆದಿದ್ದಾರೆ, ಇನ್ನೇನು ಭಯ ಎಂದು ಜನ ಪೊರಕೆ ಹಿಡಿದು ಒಳಗೆ ನುಗ್ಗಲು ಹೊರಟಾಗ ಬೀದಿಯ ಎಲೆಕ್ಟ್ರಿಷಿಯನ್ ಅಡ್ಡ ನಿಂತ. ಇನ್ವರ್ಟರ್ ಇರುವ ಮನೆಯಲ್ಲಿ ಹೊರಗಿನ ಕರೆಂಟ್ ಹೋದರೂ ಗೋಡೆಯೊಳಗಿನ ತಂತಿಯಲ್ಲಿ ಕರೆಂಟ್ ಇರಬಹುದು. ನೀರಲ್ಲಿ ಕಾಲಿಟ್ಟು ಸ್ವಿಚ್ ಮುಟ್ಟುವಂತಿಲ್ಲ. ನೆನೆದ ಫ್ರಿಜ್, ಮಿಕ್ಸಿಗಳನ್ನು ಒಣಗಿಸಿ, ಪರೀಕ್ಷೆ ಮಾಡಿಸದೆ ಹಾಕುವಂತಿಲ್ಲ.

ಜೌಗು ಪಕ್ಕದಲ್ಲೇ ಇರುವುದರಿಂದ ಹಾವುಗಳೂ ನೆಂಟರಂತೆ ಬಂದಿದ್ದವು. ಹಾಸಿಗೆ ಎತ್ತುವ ಮೊದಲು, ಬೀರುವಿನ ಹಿಂದೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ಕೋಲಿನಿಂದ ತಟ್ಟಿ ನೋಡುತ್ತಿದ್ದೆವು. ಹಾವಿಗಿಂತ ಹೆಚ್ಚು ಹೆದರಬೇಕಾದ್ದು ಕಣ್ಣಿಗೆ ಕಾಣದ ಇಲಿಜ್ವರಕ್ಕೆ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದಲೂ ರೋಗ ತರುತ್ತದೆ. ಬರಿಗಾಲಲ್ಲಿ ಕೆಸರು ತುಳಿಯಬಾರದು. ಆಮೇಲೆ ಜ್ವರ, ಮೈಕೈ ನೋವು ಬಂದರೆ ನೀರಲ್ಲಿ ಓಡಾಡಿದ್ದನ್ನು ಡಾಕ್ಟರಿಗೆ ಹೇಳಬೇಕು. ನೆಲ ಬೇಗ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರಿನ ಜೊತೆ ಬಾತ್‌ರೂಮ್ ಆ್ಯಸಿಡ್ ಸುರಿಯುವವರಿದ್ದಾರೆ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉಸಿರನ್ನೇ ಹಿಡಿದುಬಿಡುತ್ತದೆ.

ಕೊನೆಗೆ ಉಳಿದದ್ದು ಸಂಪು. ಚರಂಡಿ ನೀರು ನುಗ್ಗಿ ತಳದಲ್ಲಿ ಕೆಸರು ಕೂತಿತ್ತು. “ವಾಚ್‌ಮನ್ನನ್ನ ಬಕೆಟ್ ಕೊಟ್ಟು ಇಳಿಸೋಣ, ಹತ್ತು ನಿಮಿಷದ ಕೆಲಸ” ಎಂದರು ಅಸೋಸಿಯೇಷನ್ನಿನವರೊಬ್ಬರು. ವಿಲ್ಲುಪುರಂ ಕಡೆಯ ಆ ತಾತ “ಪರವಾಯಿಲ್ಲೆ ಸಾರ್” ಎನ್ನುತ್ತಾ ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದರು. ಮೂರನೇ ಮಹಡಿಯ ನರ್ಸ್ ಅಕ್ಕ ಮೆಟ್ಟಿಲಿಳಿದು ಓಡಿ ಬಂದು ಅವರ ಕೈಯಿಂದ ಬಕೆಟ್ ಕಿತ್ತುಕೊಂಡರು. ಮುಚ್ಚಿದ ಗುಂಡಿಯಲ್ಲಿ ಕೊಳೆತ ಕೆಸರಿದ್ದರೆ ಉಸಿರಾಡುವ ಗಾಳಿ ಇರುವುದಿಲ್ಲ, ವಿಷಗಾಳಿ ತುಂಬಿರುತ್ತದೆ. ಒಬ್ಬರು ಬಿದ್ದರೆ ಎತ್ತಲು ಇಳಿದವರೂ ಬೀಳುತ್ತಾರೆ ಎಂದರು. “ನಿಮ್ಮ ಮಗನನ್ನ ಇಳಿಸ್ತೀರಾ ಸಾರ್?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಪಂಪ್ ಬಾಡಿಗೆಗೆ ತಂದು, ಹೊಗೆ ಒಳಗೆ ಸೇರದಂತೆ ಎಂಜಿನ್ನನ್ನು ಬಯಲಲ್ಲಿಟ್ಟು, ಮೇಲಿನಿಂದಲೇ ನೀರು ಹಾಯಿಸಿ ಕೆಸರು ಕಲಕಿ ಹೊರಗೆ ಹಾಕಿದೆವು. ಒಬ್ಬರೂ ಒಳಗಿಳಿಯಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಕ್ಯಾನ್ ನೀರಿನ ಖರ್ಚು ಬೇರೆ.

ಊರಲ್ಲಿ ಮುಂಗಾರು ಹಿಡಿದ ಸುದ್ದಿ ಬರುವಾಗ ಇಲ್ಲಿ ಬಿಸಿಲು ಸುಡುತ್ತಿರುತ್ತದೆ. ನಮ್ಮ ಸರದಿ ಅಕ್ಟೋಬರ್‌ಗೆ. ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ಇನ್ವರ್ಟರನ್ನು ಎತ್ತರಕ್ಕೆ ಏರಿಸುತ್ತೇವೆ. ಗಂಬೂಟು, ಗ್ಲೌಸು, ಟಾರ್ಚ್ ಇರುವ ಪೆಟ್ಟಿಗೆ ತೆಗೆದಿಡುತ್ತೇವೆ. ಸಂಪಿನ ಮುಚ್ಚಳಕ್ಕೆ ಬೀಗ ಬಿದ್ದಿದೆ. ಅದರ ಕೀಲಿಕೈ ನರ್ಸ್ ಅಕ್ಕನ ಹತ್ತಿರವೇ ಇರುತ್ತದೆ.