ಮಡಚಿ ಒಯ್ಯುವ ದೋಣಿ

ಇಷ್ಟಲಿಂಗವನ್ನು ಧರಿಸಿದವರು ಪ್ರವಾಸ ಹೊರಟಾಗ ಪೂಜೆಗೆಂದು ಗುಡಿ ಹುಡುಕಬೇಕಾಗಿಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಸಂಗತಿ. ಆದರೆ ಆ ಪ್ರವಾಸ ನೀರಿನ ಮೇಲೆ, ಬಟ್ಟೆ ಹೊದಿಸಿದ ಪುಟ್ಟ ದೋಣಿಯೊಂದರಲ್ಲಿ ಆಗುವುದಾದರೆ ಕೊರಳಿನ ಲಿಂಗವನ್ನು ಕಾಪಾಡಿಕೊಳ್ಳುವ ಬಗೆ ಹೇಗೆ? 2023ರ ಜೂನ್ ತಿಂಗಳಲ್ಲಿ, ನನ್ನ 64ನೆಯ ವಯಸ್ಸಿನಲ್ಲಿ, ಜರ್ಮನಿಯ ಮ್ಯೂನಿಕ್ ನಗರದ ಮಗಳ ಮನೆಯಲ್ಲಿ ಈ ಪ್ರಶ್ನೆ ನನಗೆ ಎದುರಾಯಿತು.

ಮಗಳ ಬಳಿ ಇಬ್ಬರು ಕೂರುವ ಮಡಚು ದೋಣಿಯೊಂದಿದೆ. ವಾರದ ರಜೆಯಲ್ಲಿ ಅದನ್ನು ಕಟ್ಟಿಕೊಂಡು ಹೊರಟು, ಹೊಳೆಯ ದಂಡೆಯಲ್ಲಿ ಡೇರೆ ಹಾಕಿ, ಒಂದು ರಾತ್ರಿ ಕಳೆದು ಬರುವುದು ಅವಳ ರೂಢಿ. ಈ ಸಲ ಅಳಿಯನನ್ನೂ ಮಗುವನ್ನೂ ಮನೆಯಲ್ಲಿ ಬಿಟ್ಟು ನನ್ನನ್ನು ಕರೆದಳು.

ಇಂಥ ದೋಣಿಗಳ ಮೂಲ ಹಿಮನಾಡಿನ ಇನ್ಯುಯಿಟ್ ಜನರ ಕಯಾಕ್. ಮರದ ಹಂದರಕ್ಕೆ ಸೀಲ್ ಎಂಬ ಜಲಚರದ ಚರ್ಮ ಬಿಗಿದು ಅವರು ಬೇಟೆಗೆ ಹೋಗುತ್ತಿದ್ದರು. ‘ಕಯಾಕ್’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮವರಿಗೆ ‘ಕಾಯಕ’ ನೆನಪಾಗುವುದು ಸಹಜ. ನಮ್ಮ ಬೀಗರಂತೂ ಇವೆರಡಕ್ಕೂ ಸಂಬಂಧ ಕಲ್ಪಿಸಿ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದರು. ಸಂಬಂಧವೇನೂ ಇಲ್ಲ. ಆದರೂ ಇಡೀ ದಿನ ಹುಟ್ಟು ಹಾಕಿ ತೋಳು ನೊಂದಾಗ ಬೀಗರ ಮಾತನ್ನು ಪೂರ್ತಿ ತಳ್ಳಿಹಾಕಲು ಮನಸ್ಸಾಗಲಿಲ್ಲ.

ಅದನ್ನು ಮಡಚಿ ಒಯ್ಯುವಂತೆ ಮಾಡಿದವನು ಮ್ಯೂನಿಕ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಆಲ್ಫ್ರೆಡ್ ಹಾಯ್ರಿಶ್. 1905ರಲ್ಲಿ ಬಿದಿರು ಗಳಗಳಿಗೆ ಹಾಯಿಬಟ್ಟೆ ಹೊದಿಸಿ ಅವನು ಈಸಾರ್ ನದಿಯಲ್ಲಿ ತೇಲಿಬಂದನು. ರೋಸೆನ್‌ಹೈಮ್ ಊರಿನ ಯೋಹಾನ್ ಕ್ಲೆಪ್ಪರ್ ಎಂಬ ದರ್ಜಿ 1907ರಲ್ಲಿ ಆ ಹಕ್ಕು ಕೊಂಡು ದೋಣಿಗಳನ್ನು ತಯಾರಿಸತೊಡಗಿದನು. ಅಂಗಿ ಹೊಲಿಯುವ ಕೈ ದೋಣಿಯನ್ನೂ ಹೊಲಿಯಿತು! ರೈಲಿನಲ್ಲಿ ಗಂಟು ಹೊತ್ತು ಹೋಗಿ ನದಿಯಲ್ಲಿಳಿಯುವುದು ಸಾಮಾನ್ಯ ಸಂಬಳದವರಿಗೂ ಸಾಧ್ಯವಾದುದು ಇದರಿಂದ. ಆಸ್ಕರ್ ಸ್ಪೆಕ್ ಎಂಬಾತ 1932ರಲ್ಲಿ ಜರ್ಮನಿಯ ಊಲ್ಮ್ ನಗರದಿಂದ ಇಂಥದೇ ದೋಣಿಯಲ್ಲಿ ಹೊರಟು, ನಮ್ಮ ದೇಶದ ಪಶ್ಚಿಮ ಕರಾವಳಿಯನ್ನೂ ಹಾದು, 1939ರಲ್ಲಿ ಆಸ್ಟ್ರೇಲಿಯಾ ತಲುಪಿದ. ಹಾನೆಸ್ ಲಿಂಡೆಮಾನ್ ಎಂಬ ವೈದ್ಯನದು ಇನ್ನೂ ಸೋಜಿಗ. 1956ರಲ್ಲಿ ಮಡಚು ದೋಣಿಯೊಂದರಲ್ಲಿ ಒಬ್ಬನೇ 72 ದಿನ ಹುಟ್ಟು ಹಾಕಿ, ಹಾಯಿ ಕಟ್ಟಿ, ಅಟ್ಲಾಂಟಿಕ್ ಸಾಗರ ದಾಟಿದ. ಹೊರಡುವ ಮೊದಲೇ ಧೈರ್ಯದ ಕೆಲವು ಪುಟ್ಟ ಮಾತುಗಳನ್ನು ತಿಂಗಳುಗಟ್ಟಲೆ ತನಗೆ ತಾನೇ ಹೇಳಿಕೊಂಡು ಮನಸ್ಸಿಗೆ ಇಳಿಸಿದ್ದನಂತೆ. ಜಪದ ಬಲ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾವು ಹೋದದ್ದು ಸಾಗರಕ್ಕಲ್ಲ, ಬವೇರಿಯ ಪ್ರಾಂತದ ಆಲ್ಟ್‌ಮ್ಯೂಲ್ ಎಂಬ ನದಿಗೆ. ಹರಿಯುವುದೋ ನಿಂತಿದೆಯೋ ತಿಳಿಯದಷ್ಟು ಸಾವಧಾನದ ನದಿ ಅದು. ದಂಡೆಯಲ್ಲಿ ಎಲ್ಲೆಂದರಲ್ಲಿ ಡೇರೆ ಹಾಕುವಂತಿಲ್ಲ. ದೋಣಿಯವರಿಗೆಂದು ಗೊತ್ತುಮಾಡಿದ ಹುಲ್ಲುಗಾವಲುಗಳಲ್ಲಿ ಮಾತ್ರ ತಂಗಬೇಕು. ನದಿಯ ಪಕ್ಕದಲ್ಲೇ ರೈಲು ಹಾದಿ ಇರುವುದು ಮಡಚು ದೋಣಿಯವರಿಗೆ ದೊಡ್ಡ ಅನುಕೂಲ. ಒಂದು ನಿಲ್ದಾಣದಲ್ಲಿ ಇಳಿದು, ನೀರಿನ ಮೇಲೆ ಸಾಗಿ, ಮುಂದಿನ ಯಾವುದೋ ನಿಲ್ದಾಣದಲ್ಲಿ ರೈಲು ಹತ್ತಬಹುದು.

ಹೊರಡುವ ಹಿಂದಿನ ರಾತ್ರಿ ಮಗಳು ನೀರು ನುಗ್ಗದ ರಬ್ಬರಿನ ಚೀಲವೊಂದನ್ನು ನನ್ನ ಮುಂದಿಟ್ಟಳು. “ಅವ್ವಾ, ಲಿಂಗಾ ಇದರಾಗ ಇಡು. ದೋಣಿ ಮಗುಚಿದ್ರೂ ಒಂದ ಹನಿ ನೀರು ಒಳಗ ಹೋಗಂಗಿಲ್ಲ” ಎಂದಳು.

“ದೋಣಿಗೆ ಕಟ್ಟಿದ ಚೀಲ ದೋಣಿ ಕೂಡ ಹೋಗತೈತಿ, ನನ್ನ ಕೂಡ ಬರೂದಿಲ್ಲ” ಎಂದೆ.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ವಸ್ತುವಿನ ಸುರಕ್ಷತೆಯೇ ಮುಖ್ಯವಾಗಿದ್ದರೆ ಚೀಲವೇ ಸರಿ. ಆದರೆ ಅಂಗದಿಂದ ಲಿಂಗ ಅಗಲಬಾರದೆಂದು ದೀಕ್ಷೆ ಪಡೆದವಳು ನಾನು. ಐವತ್ತಾರು ವರ್ಷಗಳಿಂದ ಜ್ವರದಲ್ಲಿಯೂ ಬಾಣಂತಿತನದಲ್ಲಿಯೂ ಅಗಲದ ಲಿಂಗವನ್ನು ಒಂದು ರಾತ್ರಿಯ ವಿಹಾರಕ್ಕೆ ಅಗಲಿಸುವುದೆಂತು? ಹೋಗದಿರುವುದೇ ಲೇಸೆಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು. ಬಹಳ ಹೊತ್ತು ಯೋಚಿಸಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಶಿವದಾರಕ್ಕೆ ಜೋಡುಗಂಟು ಹಾಕಿ, ಒಳಗಿನ ಕುಪ್ಪಸಕ್ಕೆ ಪಿನ್ನು ಚುಚ್ಚಿ, ಮೇಲೆ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವುದೆಂದು ನಿಶ್ಚಯಿಸಿದೆ. ಮಗಳ ಪೈಜಾಮ ತೊಟ್ಟು ಅಷ್ಟೆಲ್ಲ ಬಿಗಿದುಕೊಂಡು ಕನ್ನಡಿಯ ಮುಂದೆ ನಿಂತಾಗ ನನಗೇ ನಗು ತಡೆಯಲಾಗಲಿಲ್ಲ.

ಪಾಪೆನ್‌ಹೈಮ್ ಎಂಬಲ್ಲಿ ಇಳಿದು ಗಾಲಿಯ ಮೇಲೆ ಗಂಟುಗಳನ್ನು ಎಳೆದುಕೊಂಡು ನೀರಿನ ಅಂಚಿಗೆ ಬಂದೆವು. ದೋಣಿಯ ತೂಕ 30 ಕಿಲೋ ಮೀರಿದರೂ ಎರಡು ಚೀಲಗಳಲ್ಲಿ ಅಡಕವಾಗಿತ್ತು. ಮಗಳು ಹುಲ್ಲಿನ ಮೇಲೆ ಮರದ ಕೋಲುಗಳನ್ನೂ ಪಕ್ಕೆಲುಬಿನಂಥ ಅಡ್ಡಹಲಗೆಗಳನ್ನೂ ಹರಡಿದಳು. ಹಿಂದಿನ ಅರ್ಧ, ಮುಂದಿನ ಅರ್ಧ ಎಂದು ಎರಡು ಹಂದರಗಳು. ಅವನ್ನು ಹೊದಿಕೆಯೊಳಗೆ ತೂರಿಸಿ ನಡುವೆ ಅದುಮಿದರೆ ಎರಡೂ ಕೂಡಿಕೊಂಡು ನೆಟ್ಟಗಾಗುತ್ತವೆ. ಮೊಳೆಯಿಲ್ಲ, ಸುತ್ತಿಗೆಯಿಲ್ಲ. ಕೊನೆಗೆ ಅಂಚಿನುದ್ದಕ್ಕೂ ಇರುವ ಕೊಳವೆಗಳಿಗೆ ಬಾಯಿಂದ ಗಾಳಿ ಊದಿದಳು. ಜೋತಾಡುತ್ತಿದ್ದ ಹೊದಿಕೆ ಮದ್ದಲೆಯ ಚರ್ಮದಂತೆ ಬಿಗಿಯಿತು. ಮೇಲ್ಭಾಗ ಹತ್ತಿಯ ಬಟ್ಟೆ, ಕೆಳಭಾಗ ರಬ್ಬರು. ಹತ್ತಿಯ ನೂಲು ನೆನೆದಾಗ ಉಬ್ಬಿ ನೀರಿಗೆ ತಾನೇ ತಡೆಯಾಗುತ್ತದೆಂದು ಕೇಳಿ ಬೆರಗಾದೆ. ನನ್ನ ತವರು ತುಂಗಭದ್ರೆಯ ದಂಡೆಯದು. ಅಂಬಿಗರ ಚೌಡಯ್ಯನವರ ಹೆಸರು ಹೊತ್ತ ಚೌಡಯ್ಯದಾನಪುರಕ್ಕೆ ಹೋಗುವಾಗ ಬಾಲ್ಯದಲ್ಲಿ ಹರಿಗೋಲು ಹತ್ತಿದವಳು ನಾನು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ್ದು ಅದು. ಈಚೆಗೆ ಪ್ಲಾಸ್ಟಿಕ್ಕಿಗೆ ಡಾಂಬರು ಬಳಿಯುತ್ತಾರೆ. ಹರಿಗೋಲನ್ನು ತಲೆಯ ಮೇಲೆ ಹೊರಬಹುದು, ಮಡಚಲಾಗದು ಅಷ್ಟೆ.

ಡೇರೆ, ಹಾಸಿಗೆ, ಅಡುಗೆಯ ಪುಟ್ಟ ಒಲೆ ಎಲ್ಲವೂ ದೋಣಿಯ ಹೊಟ್ಟೆಯಲ್ಲಿ ಕುಳಿತವು. ಭಾರವಾದುದು ನಡುವೆ, ತಳದಲ್ಲಿ, ಹಗುರಾದುದು ತುದಿಗಳಲ್ಲಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇದ್ದವು. ಇದಕ್ಕಿಂತ ಒಳ್ಳೆಯ ದೋಣಿಬುತ್ತಿಯನ್ನು ಆ ದೇಶದ ಯಾವ ಅಂಗಡಿಯಲ್ಲಿಯೂ ನಾನು ಕಾಣಲಿಲ್ಲ.

ಸೋಲ್ನ್‌ಹೋಫೆನ್ ಎಂಬ ಊರಿನ ಒಡ್ಡಿನ ಬಳಿ ದೋಣಿಗಳು ಜಾರಿ ಇಳಿಯಲೆಂದೇ ಇಳಿಜಾರು ಕಾಲುವೆ ಮಾಡಿದ್ದಾರೆ. ಮಕ್ಕಳು ಕೇಕೆ ಹಾಕುತ್ತ ಇಳಿಯುತ್ತಿದ್ದರು. ಮಗಳು ನನ್ನ ಎದೆಯತ್ತ ಒಮ್ಮೆ ನೋಡಿ, ಏನೂ ಹೇಳದೆ ದೋಣಿಯನ್ನು ದಂಡೆಗೆ ತಂದಳು. ಸಾಮಾನಿಳಿಸಿ, ಇಬ್ಬರೂ ಅದನ್ನು ಹೊತ್ತು ಒಡ್ಡು ದಾಟಿದೆವು. ಮುಂದೆ ಹನ್ನೆರಡು ಅಪೊಸ್ತಲರೆಂದು ಹೆಸರಾದ ಬಿಳಿಯ ಬಂಡೆಗಳ ಸಾಲು ಬಂದಿತು.

ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ದೋಣಿಯನ್ನು ಬೋರಲು ಹಾಕಿ ಡೇರೆಯೊಳಗೆ ಮಲಗಿದಾಗಲೂ ಬೆಳಕಿತ್ತು. ಆಗ ಮಗಳು ತಾನಾಗಿ ಹೇಳಿದಳು: “ನಂದು ಕಪಾಟಿನಾಗ ಐತಿ, ಅವ್ವಾ. ಈಜಲಿಕ್ಕೆ ಹೋಗೂವಾಗ ತೆಗೆದಿಟ್ಟಿದ್ದೆ. ಅಲ್ಲೇ ಉಳೀತು.”

ಅವಳ ಕೊರಳು ಬರಿದಾಗಿದ್ದುದನ್ನು ಬಂದ ದಿನವೇ ನೋಡಿದ್ದೆ. ಎಷ್ಟು ದಿನವಾಯಿತೆಂದು ಕೇಳಲಿಲ್ಲ. ನೀರಿನ ಸಪ್ಪಳ ಕೇಳುತ್ತ ಇಬ್ಬರೂ ಸುಮ್ಮನಿದ್ದೆವು.

ಬೆಳಿಗ್ಗೆ ಐದಕ್ಕೆಲ್ಲ ಬೆಳಕಾಯಿತು. ನದಿಯ ಮೇಲೆ ಮಂಜು ಹಾಸಿತ್ತು. ಪಾದೋದಕ ಸೇವಿಸಬೇಕಾದ್ದರಿಂದ ಹೊಳೆಯ ನೀರು ತೆಗೆದುಕೊಳ್ಳದೆ ಮನೆಯಿಂದ ತಂದ ಕುಡಿಯುವ ನೀರನ್ನು ಬಳಸಿದೆ. ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ಬಾಲ್ಕನಿಯ ಕುಂಡದಿಂದ ತಂದ ನಾಲ್ಕು ಹೂವೇರಿಸಿ ಪೂಜೆಗೆ ಕುಳಿತೆ. ದೃಷ್ಟಿ ಲಿಂಗದಲ್ಲಿ ನಿಂತಷ್ಟು ಹೊತ್ತು ಅದು ಯಾವ ದೇಶದ ದಂಡೆಯೆಂಬ ಭಾನ ನನಗಿರಲಿಲ್ಲ. ಮುಗಿದ ಮೇಲೆ ಕಣ್ಣೆತ್ತಿದರೆ ಮಗಳು ಎರಡು ಮಾರು ದೂರದಲ್ಲಿ, ಕಾಲು ಮಡಚಿ, ಚಹಾ ಕಾಯಿಸದೆ ಕುಳಿತಿದ್ದಳು. ನೀರಿಗೆ ಬಿಡಬಾರದೆಂದು ಹೂಗಳನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡೆ. ಮತ್ತೆ ಶಿವದಾರ ಬಿಗಿಯುವಾಗ ಹತ್ತಿರ ಬಂದು, “ಆ ಗಂಟು ಹೆಂಗ ಹಾಕತಿ, ತೋರಸು” ಎಂದಳು. ಎರಡು ಸಲ ಹಾಕಿ ತೋರಿಸಿದೆ. ಮೂರನೆಯ ಸಲ ಅವಳೇ ಹಾಕಿದಳು.

ಮಧ್ಯಾಹ್ನ ಡೋಲ್ನ್‌ಸ್ಟೈನ್‌ನಲ್ಲಿ ದೋಣಿ ಬಿಚ್ಚಿ ರೈಲು ಹತ್ತಿದೆವು. ಹಸಿಯಿರುವಾಗ ಮಡಚಿಟ್ಟರೆ ಹತ್ತಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮೂರು ದಿನ ಅದು ಮಗಳ ಬಾಲ್ಕನಿಯಲ್ಲಿ ಸೀರೆಯಂತೆ ತೂಗಾಡಿತು. ನಾನು ಊರಿಗೆ ಮರಳಿದ ಮೇಲೆ ಹೊಸ ಶಿವದಾರವೊಂದನ್ನು ಕಳಿಸಲು ಕೇಳಿದ್ದಾಳೆ. ಲೈಫ್ ಜಾಕೆಟ್ಟಿನ ಒಳಗೆ ಜೋಡುಗಂಟು ಹಾಕಲು ಗೇಣು ಉದ್ದ ಹೆಚ್ಚಿಗಿರಲಿ ಎಂದೂ ಹೇಳಿದ್ದಾಳೆ.