ಜಾತ್ರೆಗೆ ಒಬ್ಬರೇ

ಪುಷ್ಯಮಾಸ ಬಂದಿತೆಂದರೆ ಕೊಪ್ಪಳದ ಸುತ್ತಿನ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಮನೆಯಿಂದ ಮನೆಗೆ ಓಡಾಡತೊಡಗುತ್ತದೆ: "ಜಾತ್ರಿಗೆ ಯಾರ್ ಯಾರು ಹೊಂಟೀರಿ?" ಈ ಪ್ರಶ್ನೆಯ ಧಾಟಿಯನ್ನು ಗಮನಿಸಬೇಕು. ಹೋಗುತ್ತೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಹೋಗುವುದು ನಿಶ್ಚಿತವೇ. ತಿಳಿಯಬೇಕಾದುದು ಜೊತೆಗೆ ಯಾರು ಎಂಬುದಷ್ಟೇ. ಸಂತೆಗೆ ಒಬ್ಬನೇ ಹೋಗಬಹುದು, ಕಚೇರಿಗೆ ಒಬ್ಬನೇ ಅಲೆಯಬಹುದು, ಆಸ್ಪತ್ರೆಗೂ ಒಬ್ಬನೇ ಹೋಗಿ ಬಂದವರುಂಟು. ಆದರೆ ಜಾತ್ರೆಗೆ ಒಬ್ಬನೇ ಹೊರಟವನನ್ನು ಜನರು ತುಸು ನಿಂತು ನೋಡುತ್ತಾರೆ. ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೆ ಸಾಲ ಇಸಿದುಕೊಂಡು ತಲೆ ತಪ್ಪಿಸಿಕೊಂಡವನನ್ನು ಹುಡುಕಲು ಹೊರಟಿರಬೇಕು ಎಂದು ತಮ್ಮೊಳಗೇ ತೀರ್ಮಾನಿಸಿಕೊಳ್ಳುತ್ತಾರೆ.

ಯಲಬುರ್ಗಾ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ಒಂದು ವರ್ಷ ಹೀಗೆ ಒಬ್ಬರೇ ಹೊರಟರು. ಜಗಳವೂ ಇರಲಿಲ್ಲ, ಸಾಲವೂ ಇರಲಿಲ್ಲ. ಮೂವತ್ತು ವರ್ಷ ಅವರೊಡನೆ ಜಾತ್ರೆಗೆ ಬಂದ ಹೆಂಡತಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಮಗ ಬೆಂಗಳೂರಿನಲ್ಲಿದ್ದನು. ಆ ವರ್ಷ ಸಂಕ್ರಾಂತಿಯೂ ಜಾತ್ರೆಯೂ ಹತ್ತಿರ ಹತ್ತಿರ ಬಂದಿದ್ದವು. ಹಬ್ಬದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ಎಂಬ ವಿನೋದವನಕ್ಕೆ ಹೋಗುವುದೆಂದು ಗೊತ್ತುಮಾಡಿ, ತಂದೆಯನ್ನೂ ಅಲ್ಲಿಗೆ ಕರೆದಿದ್ದನು. "ನಾ ಇಲ್ಲೇ ಅಜ್ಜನ ಜಾತ್ರಿಗೆ ಹೋಗತೀನೋ ತಮ್ಮಾ" ಎಂದು ಮಾಸ್ತರರು ಉತ್ತರ ಕೊಟ್ಟರು.

ಅಜ್ಜನ ಜಾತ್ರೆಯೆಂದರೆ ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆ. ಬನದ ಹುಣ್ಣಿಮೆ ಕಳೆದು ಬಹುಳ ಬಿದಿಗೆಯ ದಿನ ತೇರು ಎಳೆಯುತ್ತಾರೆ. ತಿಥಿಯನ್ನು ಹಿಡಿದು ನಡೆಯುವುದರಿಂದ ತಾರೀಖು ಬದಲಾಗುತ್ತಿರುತ್ತದೆ. 2024ರಲ್ಲಿ ಜನವರಿ 27ಕ್ಕೆ ಬಂದ ತೇರು 2025ರಲ್ಲಿ ಜನವರಿ 15ಕ್ಕೇ ಬಂದಿತು. ಊರೇನೂ ಸಾಮಾನ್ಯವಾದುದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಒಂದು ಕಾಲಕ್ಕೆ ಜೈನರ ದೊಡ್ಡ ತೀರ್ಥ. ಈಗ ಬೆಟ್ಟದ ಗವಿಯಲ್ಲಿ ನೆಲೆಸಿದ ಮಠದ ಊರು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯ ಮುಖ್ಯಸ್ಥಳವೂ ಆಯಿತು.

ಯಲಬುರ್ಗಾದಿಂದ ಕುಕನೂರು, ಭಾನಾಪುರಗಳನ್ನು ದಾಟಿ ಬಸ್ಸು ಬರುವಾಗ ಎರಡೂ ಬದಿಯ ಎರೆಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಚಕ್ಕಡಿಗಳು. ಅವುಗಳಲ್ಲಿ ಹೇರಿದ್ದು ಮನುಷ್ಯರನ್ನಲ್ಲ, ರೊಟ್ಟಿಗಳನ್ನು. ಮಠದ ಮಹಾದಾಸೋಹಕ್ಕೆ ಪ್ರತಿ ಹಳ್ಳಿಯೂ ತನ್ನ ಪಾಲಿನ ಜೋಳದ ರೊಟ್ಟಿಯನ್ನು ಸುಟ್ಟು ಕಳಿಸುತ್ತದೆ. ಒಂದು ಮನೆಯಲ್ಲಿ ಐವತ್ತು, ಇನ್ನೊಂದರಲ್ಲಿ ನೂರು. ಎಲ್ಲವೂ ಕೂಡಿ ಲಕ್ಷಗಟ್ಟಲೆಯಾಗುತ್ತವೆ. ತೆಳ್ಳಗೆ ಬಡಿದು, ನೀರಿನ ಪಸೆಯೆಲ್ಲ ಆರುವವರೆಗೆ ಕಾಯಿಸಿದ ಈ ಖಡಕ್ ರೊಟ್ಟಿಗೆ ಬೂಷ್ಟು ಹಿಡಿಯುವುದಿಲ್ಲ. ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ತೇರಿನ ದಿನ ಮುಗಿದ ಮೇಲೂ ಅಮಾವಾಸ್ಯೆಯವರೆಗೆ ದಾಸೋಹ ನಡೆಯುವುದು ಇಂಥ ರೊಟ್ಟಿಯ ಬಲದಿಂದಲೇ. ಮಾಸ್ತರರ ಮನೆಯಿಂದಲೂ ಪ್ರತಿ ವರ್ಷ ರೊಟ್ಟಿಯ ಒಂದು ಗಂಟು ಹೋಗುತ್ತಿತ್ತು. ಈ ಸಲ ಅವರ ಕೈಚೀಲದಲ್ಲಿ ಎರಡು ಸೇರು ಜೋಳವಿತ್ತು.

ಜಾತ್ರೆಯ ಬಯಲನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ದೇವರಲ್ಲ, ಅಂಗಡಿಗಳು. ಬೆಂಡು, ಬತ್ತಾಸು, ಚುರುಮುರಿಗಳ ರಾಶಿ, ಬಳೆಗಾರರ ಸಾಲು, ಪೀಪಿ ಊದುವ ಹುಡುಗರು. ಇಲ್ಲಿಂದ ಕೂಗಳತೆಯೆನ್ನಬಹುದಾದ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಮೆತ್ತಿ, ಮೇಲೆ ಬಣ್ಣ ಬಳಿದು ಮಾಡುವ ಗೊಂಬೆಗಳಿಗೆ ಇಂದು ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಆದರೂ ಮಕ್ಕಳು ಕೈಚಾಚುವುದು ಕೀಲಿ ಕೊಟ್ಟರೆ ಓಡುವ ಪ್ಲಾಸ್ಟಿಕ್ಕಿನ ಮೋಟಾರಿನ ಕಡೆಗೇ. ಅದಕ್ಕೆ ಮಕ್ಕಳನ್ನು ದೂರುವುದು ಸಲ್ಲ. ಮರದ ಗಿಳಿ ಓಡುವುದಿಲ್ಲವಷ್ಟೆ.

ಅಂಗಡಿಗಳ ಆಚೆಗೆ ಆಟಗಳ ಬಯಲು. ಅಲ್ಲಿ 'ಮೌತ್ ಕಾ ಕುವಾ' ಎಂದು ಜನ ಕರೆಯುವ ಸಾವಿನ ಬಾವಿಯುಂಟು. ಹಲಗೆ ಜೋಡಿಸಿದ ನೆಟ್ಟನೆಯ ಗೋಡೆಯ ಮೇಲೆ ಮೋಟಾರು ಸೈಕಲ್ಲು ಸುತ್ತುವಾಗ ನೋಡುವವರ ಎದೆಯೇ ನಿಂತಂತಾಗುತ್ತದೆ. ಸವಾರನನ್ನು ಎತ್ತಿಹಿಡಿದಿರುವುದು ಅವನ ವೇಗ: ವೇಗ ಹೆಚ್ಚಿದಷ್ಟೂ ಚಕ್ರವು ಗೋಡೆಯನ್ನು ಬಲವಾಗಿ ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಹೆಚ್ಚಿ ಜಾರದಂತೆ ತಡೆಯುತ್ತದೆ. ಈ ಪಾಠವನ್ನು ಹಲವು ವರ್ಷ ಕರಿಹಲಗೆಯ ಮೇಲೆ ಗೆರೆ ಎಳೆದು ಹೇಳಿದ್ದ ಮಾಸ್ತರರು, ಸೈಕಲ್ಲು ತಮ್ಮ ಕಾಲಬಳಿಯವರೆಗೆ ಏರಿ ಬಂದಾಗ ಎಲ್ಲರಂತೆಯೇ ಹಿಂದಕ್ಕೆ ಹಾರಿದರು.

ಆ ಬಳಿಕ ಅವರು ಜಾಯಿಂಟ್ ವೀಲಿನ ಎದುರಿಗೆ ಬಂದು ನಿಂತರು. ಹಿಂದೆ ಮರದ ನಾಲ್ಕು ತೊಟ್ಟಿಲುಗಳನ್ನು ಕೈಯಿಂದಲೇ ತಿರುಗಿಸುತ್ತಿದ್ದ ಕಾಲದಲ್ಲಿ ಹೆಂಡತಿಯೊಡನೆ ಕುಳಿತದ್ದುಂಟು. ಈಗಿನದು ಕಬ್ಬಿಣದ ದೊಡ್ಡ ಗಾಲಿ. ಇದರ ಮೂಲಪುರುಷನಾದ ಫೆರಿಸ್ ಎಂಬ ಇಂಜಿನಿಯರನು 1893ರಲ್ಲಿ ಅಮೆರಿಕೆಯ ಶಿಕಾಗೋ ನಗರದ ಮಹಾಪ್ರದರ್ಶನಕ್ಕಾಗಿ 264 ಅಡಿ ಎತ್ತರದ ಗಾಲಿಯೊಂದನ್ನು ನಿಲ್ಲಿಸಿದನು. ಅದರಲ್ಲಿ 36 ಕೋಣೆಗಳು. ಒಂದೊಂದರಲ್ಲೂ 60 ಜನ. ನಾಲ್ಕು ವರ್ಷಗಳ ಹಿಂದೆ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಕಟ್ಟಿದ್ದ ಐಫೆಲ್ ಗೋಪುರಕ್ಕೆ ಸರಿಸಾಟಿಯಾಗುವಂಥದೊಂದು ತಮ್ಮಲ್ಲಿಯೂ ಇರಬೇಕೆಂಬ ಛಲ ಆ ಜನರಿಗೆ. ಹೀಗೆ ಪೈಪೋಟಿಯಿಂದ ಹುಟ್ಟಿದ ಗಾಲಿ ಊರೂರು ಸುತ್ತಿ ಅಜ್ಜನ ಜಾತ್ರೆಗೂ ಬಂದಿದೆ.

ಮಾಸ್ತರರು ಚೀಟಿ ಕೊಂಡು ಮುಂದೆ ಹೋದಾಗ ಗಾಲಿಯ ಹುಡುಗನು ಅವರ ಹಿಂದೆ ಮುಂದೆ ನೋಡಿದನು.

"ಒಬ್ಬರೇ ಏನ್ರೀ ಅಜ್ಜಾರ?"

"ಹೌದಪಾ."

"ಒಬ್ಬರನ್ನ ಹತ್ತಸಾಕ ಬರಾಂಗಿಲ್ರೀ. ತೂಕ ತಪ್ಪತೈತಿ."

ಹುಡುಗನು ಹೇಳಿದ್ದು ಸುಳ್ಳಲ್ಲ. ಗಾಲಿಯ ಒಂದು ಮಗ್ಗುಲು ಭಾರವಾಗಿ ಇನ್ನೊಂದು ಹಗುರವಾದರೆ ಯಂತ್ರಕ್ಕೆ ವ್ಯರ್ಥ ಶ್ರಮ. ಆದುದರಿಂದ ಜನರನ್ನು ಹತ್ತಿಸುವವನು ಒಂದು ತೊಟ್ಟಿಲು ತುಂಬಿದ ಮೇಲೆ ಅದರ ಎದುರಿನದನ್ನು ಕೆಳಗೆ ತಂದು ತುಂಬುತ್ತಾನೆ. ಒಂಟಿ ಮನುಷ್ಯನನ್ನು ಎಲ್ಲಾದರೂ ಸೇರಿಸುತ್ತಾನೆ. ಮಾಸ್ತರರನ್ನೂ ಹಾಗೆಯೇ ಒಂದು ಸಂಸಾರದ ತೊಟ್ಟಿಲಿಗೆ ಸೇರಿಸಿದನು. ತಂದೆ, ತಾಯಿ, ಹನ್ನೆರಡು ಹದಿಮೂರರ ಹುಡುಗ, ನಾಲ್ಕು ವರ್ಷದ ಹುಡುಗಿ. ಗಾಲಿ ಮೇಲಕ್ಕೆ ಸರಿಯುತ್ತಿದ್ದಂತೆ ಹುಡುಗಿಯು ಹತ್ತಿರ ಸಿಕ್ಕ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಅದು ಮಾಸ್ತರರ ತೋಳಾಗಿತ್ತು.

ಮೇಲಿನಿಂದ ಕೋಟೆಯ ಬೆಟ್ಟ ಕಾಣಿಸಿತು. ಅಭ್ಯಾಸಬಲ ಬಿಡಬೇಕಲ್ಲ? "1858ರಾಗ ಮುಂಡರಗಿ ಭೀಮರಾಯ ಇಂಗ್ಲಿಷರ ಜೋಡಿ ಕಾದಾಡಿ ಮಡಿದದ್ದು ಅದs ಕ್ವಾಟ್ಯಾಗ" ಎಂದು ಬೆರಳು ತೋರಿಸಿದರು. ಹುಡುಗನು ತಟ್ಟನೆ, "ನಮ್ಮ ಪುಸ್ತಕದಾಗ ಇತ್ರೀ ಅದು" ಎಂದನು. 'ಇತ್ತು' ಎಂಬ ಮಾತು ಮಾಸ್ತರರ ಕಿವಿಗೆ ತಟ್ಟಿತು. "ಈಗ ಯಾವ ಇಯತ್ತೆ?" ಎಂದು ಕೇಳಿದಾಗ ಹುಡುಗನು ತಂದೆಯ ಮುಖ ನೋಡಿದನು.

ಕುಷ್ಟಗಿ ತಾಲೂಕಿನವರು ಅವರು. ಮಂಗಳೂರಿನಲ್ಲಿ ಕಟ್ಟಡದ ಕೆಲಸ. ಜಾತ್ರೆಗೆಂದು ಊರಿಗೆ ಬಂದಿದ್ದರು. ಜಾತ್ರೆ ಮುಗಿಸಿ ಮತ್ತೆ ಹೋಗುವವರು. ಈ ಸಲ ಹುಡುಗನೂ ಕಲ್ಲು ಮರಳು ಹೊರುವಷ್ಟು ದೊಡ್ಡವನಾಗಿದ್ದಾನೆಂದು ತಂದೆ ಹೇಳಿದನು. ಹೇಳುವಾಗ ಹೆಮ್ಮೆ ಇತ್ತೋ ಸಂಕೋಚವಿತ್ತೋ ತಿಳಿಯುವಂತಿರಲಿಲ್ಲ.

ಒಂದೇ ಜಿಲ್ಲೆಯಾದರೂ ಇಲ್ಲಿ ನೀರಿನ ಪಂಕ್ತಿಭೇದವುಂಟು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆ ಗಂಗಾವತಿಯ ಕಡೆಗೆ ಹರಿದು ಅದನ್ನು ಭತ್ತದ ನಾಡಾಗಿ ಮಾಡಿತು. ಕುಷ್ಟಗಿ, ಯಲಬುರ್ಗಾಗಳ ಹೊಲಗಳು ಮೋಡವನ್ನು ನೋಡುತ್ತ ಉಳಿದವು. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಜನ ಮನೆಗೆ ಬೀಗ ಜಡಿದು ಗುಳೆ ಹೋಗುತ್ತಾರೆ: ಬೆಂಗಳೂರು, ಮಂಗಳೂರು, ಗೋವೆ. ಇದು ಮಾಸ್ತರರಿಗೆ ಹೊಸ ಸಂಗತಿಯಲ್ಲ. ಜಾತ್ರೆಯ ಹಿಂದಿನ ವಾರ ತುಂಬಿ ತುಳುಕುತ್ತಿದ್ದ ತರಗತಿಯಲ್ಲಿ ಜಾತ್ರೆಯ ಮರುವಾರ ಹಾಜರಿ ಕೂಗುವಾಗ ಉತ್ತರವಿಲ್ಲದ ಹೆಸರುಗಳು ಎಷ್ಟಿರುತ್ತಿದ್ದವೆಂಬುದು ಅವರಿಗೆ ಗೊತ್ತು. ಆ ಹೆಸರುಗಳ ಮುಂದೆ ಕೆಂಪು ಮಸಿಯಲ್ಲಿ ಗುರುತು ಹಾಕಿದ ಕೈಯೂ ಅವರದೇ. ಹೋದ ಮಕ್ಕಳ ಮುಖವನ್ನು, ಹೋಗುವ ಮುನ್ನ, ಇಷ್ಟು ಹತ್ತಿರದಿಂದ ನೋಡಿದ್ದು ಮಾತ್ರ ಇದೇ ಮೊದಲು.

"ಮಠದಾಗ ಹುಡುಗರ ವಸತಿನಿಲಯ ಐತಿ. ಊಟ, ವಸತಿ ಎಲ್ಲಾ ಪುಗಸಟ್ಟೆ. ಒಂದು ಸಲ ಕೇಳಿ ನೋಡ್ರಿ" ಎಂದರು.

ತಂದೆಯು ಉತ್ತರ ಕೊಡುವುದರೊಳಗೆ ತೊಟ್ಟಿಲು ತುದಿಯನ್ನು ದಾಟಿ ಕೆಳಗೆ ಬೀಳತೊಡಗಿತು. ಎಲ್ಲರ ಹೊಟ್ಟೆಯೂ ಗಂಟಲಿಗೆ ಬಂದಿತು. ಇಳಿದ ಮೇಲೆ ಆತನು "ಕೇಳತೀನ್ರೀ ಯಜಮಾನ್ರ" ಎಂದು ಕೈಮುಗಿದು ಜನರಲ್ಲಿ ಸೇರಿಹೋದನು. ಹುಡುಗನು ಎರಡು ಸಲ ಹಿಂತಿರುಗಿ ನೋಡಿದನು.

ದಾಸೋಹದ ಮಂಟಪದಲ್ಲಿ ಮಾಸ್ತರರು ತಮ್ಮ ಎರಡು ಸೇರು ಜೋಳವನ್ನು ಅಲ್ಲಿಯ ರಾಶಿಯ ಮೇಲೆ ಸುರಿದರು. ಕ್ಷಣಮಾತ್ರದಲ್ಲಿ ತಮ್ಮ ಕಾಳು ಯಾವುದು, ಉಳಿದವರ ಕಾಳು ಯಾವುದು ಎಂದು ತಿಳಿಯದಾಯಿತು. ಒಳಗೆ ರೊಟ್ಟಿಗಳನ್ನು ಗೋಡೆ ಕಟ್ಟಿದಂತೆ ಒಟ್ಟಿದ್ದರು. ಗೋದಿಯ ಮಾದಲಿ, ಪಲ್ಯ, ಅನ್ನ, ಸಾರು. ಮರುದಿನಕ್ಕೆ ಲಕ್ಷಗಟ್ಟಲೆ ಮಿರ್ಚಿ ಕರಿಯಬೇಕಾಗಿದ್ದುದರಿಂದ ಒಂದು ಕಡೆ ಮೆಣಸಿನಕಾಯಿಯ ಚೀಲಗಳು ಬಂದು ಬೀಳುತ್ತಿದ್ದವು. ಉಂಡು ಏಳುವಷ್ಟರಲ್ಲಿ ಯಾರೋ ಒಬ್ಬರು, "ಅಜ್ಜಾರ, ಇದೊಂದು ಸಾಲಿಗೆ ಸಾರು ಹಾಕಿ ಬಿಡ್ರಿ" ಎಂದು ಬಕೀಟು ಕೈಗಿತ್ತರು. ಯಾವ ಊರು, ಯಾರ ಪೈಕಿ, ಜೊತೆಗೆ ಯಾರು ಎಂದು ಕೇಳಲಿಲ್ಲ. ಒಂದು ಸಾಲು ಎಂದದ್ದು ಆರು ಸಾಲಾಯಿತು. ಬಡಿಸುವವನಿಗೆ ಮುಖಗಳು ಕಾಣುವುದಿಲ್ಲ. ಚಾಚಿದ ಕೈಗಳು ಕಾಣುತ್ತವೆ. ಮಸಿ ಹತ್ತಿದ ಕೈ, ಬಳೆಯ ಕೈ, ಸಿಮೆಂಟಿಗೆ ಸೀಳುಬಿಟ್ಟ ಕೈ. ವಿನೋದವನಗಳಲ್ಲಿ ಇಂಥ ಆಟವಿಲ್ಲ. ಅಲ್ಲಿ ಬಾಗಿಲಲ್ಲಿ ಹಣ ಕೊಟ್ಟವನು ದಿನವಿಡೀ ಅತಿಥಿಯಾಗಿಯೇ ಇರಬೇಕು. ಮನಸ್ಸು ಬಂದಿತೆಂದು ಯಂತ್ರ ತಿರುಗಿಸಲು ಬಿಡುವರೆ?

ಮಧ್ಯಾಹ್ನ ಇಳಿದ ಮೇಲೆ ಮಾಸ್ತರರು ಬೆಟ್ಟ ಹತ್ತಿದರು. ಹೆಂಡತಿಗೆ ಮೊಣಕಾಲು ನೋವಿದ್ದುದರಿಂದ ಇಷ್ಟು ವರ್ಷ ಹತ್ತಿರಲಿಲ್ಲ. ಮೇಲೆ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಅತ್ತ ಪಲ್ಲಕ್ಕಿಯಂತೆ ಕಾಣುವ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ವಯಸ್ಸು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲು. ದೇವಾನಾಂಪ್ರಿಯನೆಂದು ಕರೆದುಕೊಂಡ ಅರಸನು ಅದರಲ್ಲಿ ಹೇಳುವುದಿಷ್ಟು: ಶ್ರದ್ಧೆಯಿಂದ ಯತ್ನಿಸಿದರೆ ಸ್ವರ್ಗವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆಯತಕ್ಕದ್ದು. ಈ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಬರೆಸಿದ್ದರು. ಕೆಳಗೆ ಗಾಲಿ ತಿರುಗುತ್ತಿತ್ತು; ಅಲ್ಲಿಂದ ಅದು ರೊಟ್ಟಿಯಷ್ಟು ಕಾಣುತ್ತಿತ್ತು. ಹುಡುಗನಿಗೆ ಇದನ್ನು ತೋರಿಸಬಹುದಾಗಿತ್ತೆಂದು ಮಾಸ್ತರರಿಗೆ ಅನ್ನಿಸಿತು. ಹೆಸರನ್ನೂ ಕೇಳಿರಲಿಲ್ಲ.

ಸಂಜೆ ತೇರು ಹೊರಟಿತು. ಬಯಲು, ಮಾಳಿಗೆ, ಬಂಡೆ ಎಲ್ಲಿ ನೋಡಿದರೂ ತಲೆಗಳು. ಎಸೆದ ಉತ್ತತ್ತಿ, ಬಾಳೆಹಣ್ಣುಗಳು ಹಕ್ಕಿಯ ಹಿಂಡಿನಂತೆ ಮೇಲೆದ್ದು ತೇರಿಗೆ ಬಡಿದು ಬಿದ್ದವು. ಮಾಸ್ತರರು ಎಸೆದ ಎರಡು ಉತ್ತತ್ತಿಗಳಲ್ಲಿ ಒಂದು ತೇರನ್ನು ಮುಟ್ಟಿತು; ಇನ್ನೊಂದು ಮುಂದೆ ನಿಂತವರ ರುಮಾಲಿಗೆ ಬಿದ್ದಿತು. ಅವರು ತಿರುಗಿ ನೋಡಿ ನಕ್ಕು, ಅದನ್ನು ಬಾಯಿಗೆ ಹಾಕಿಕೊಂಡರು.

ಹಿಂತಿರುಗುವ ದಾರಿಯಲ್ಲಿ ಅವರು ಮಠದ ವಸತಿನಿಲಯದ ಕಡೆಗೆ ಹೋಗಿ ಸೇರಿಸಿಕೊಳ್ಳುವ ಕ್ರಮವೇನೆಂದು ವಿಚಾರಿಸಿದರು. ಹೇಳಿದ್ದನ್ನು ಬಸ್ಸಿನ ಚೀಟಿಯ ಬೆನ್ನ ಮೇಲೆ ಬರೆದುಕೊಂಡರು. ಬರೆದುಕೊಂಡದ್ದನ್ನು ಯಾರಿಗೆ ಕೊಡುವುದು? ಕುಷ್ಟಗಿಯ ಬಸ್ಸುಗಳು ನಿಲ್ಲುವ ಕಡೆಗೆ ನಡೆದು, ಒಂದಾದ ಮೇಲೊಂದು ನಾಲ್ಕು ಬಸ್ಸುಗಳ ಕಿಟಕಿಗಳಲ್ಲಿ ಇಣುಕಿ ನೋಡಿದರು. ಐದನೆಯದರ ಕಂಡಕ್ಟರನು, "ಯಾರನ್ನ ಹುಡುಕಾಕ ಹತ್ತೀರಿ ಅಜ್ಜಾರ? ನಿಮ್ಮ ಮಂದಿ ತಪ್ಪಿಸ್ಕೊಂಡಾರೇನು?" ಎಂದು ಕೇಳಿದನು.

"ಹೌದಪಾ. ಒಬ್ಬ ಹುಡುಗ, ಹನ್ನೆರಡು ವರ್ಷದಾಂವ" ಎಂದು ಹೇಳಿ ಮಾಸ್ತರರು ಬಸ್ಸಿನೊಳಕ್ಕೆ ಹತ್ತಿದರು.