ಮೂರು ದೇಶದ ಬಾಂದುಕಲ್ಲು

ಬರೆಯದೇ ಮೂರು ತಿಂಗಳ ಮೇಲಾಯ್ತು. ಊರಿಂದ ಅಪ್ಪ ಅಮ್ಮ ಬಂದಿದ್ರು, ಅದೇ ನೆಪ. ಅವರನ್ನ ಎಲ್ಲೆಲ್ಲಿ ಸುತ್ತಿಸಿದೆ ಅಂತ ಬರೆದಿಟ್ರೆ ಈ ಕಡೆ ಬರೋ ಯಾರಿಗಾದ್ರೂ ಉಪಯೋಗ ಆಗಬಹುದು ಅಂತ ಇವತ್ತು ಕೂತಿದೀನಿ.

ನಾನಿರೋದು ಜರ್ಮನಿಯ ಪಶ್ಚಿಮದ ತುದಿಯಲ್ಲಿರೋ ಆಖೆನ್‌ನಲ್ಲಿ. ಬಸ್ ಹತ್ತಿದ್ರೆ ಅರ್ಧ ಗಂಟೆಯೊಳಗೆ ವಾಲ್ಸ್ ಅನ್ನೋ ಪುಟ್ಟ ಊರು, ಅದು ನೆದರ್ಲ್ಯಾಂಡ್ಸ್! ಸುಮಾರು ಹತ್ತು ಸಾವಿರ ಜನ, ಒಂದು ಮುಖ್ಯ ರಸ್ತೆ, ನಾಲ್ಕಾರು ಕಾಫಿ ಅಂಗಡಿ. ಊರ ಹಿಂದೆ ವಾಲ್ಸರ್‌ಬರ್ಗ್ ಅಂತ ಒಂದು ಗುಡ್ಡ. ಎತ್ತರ 322 ಮೀಟರ್ ಚಿಲ್ಲರೆ. ಯುರೋಪಿನ ನೆದರ್ಲ್ಯಾಂಡ್ಸ್‌ಗೆ ಇದೇ ಅತಿ ಎತ್ತರದ ಜಾಗವಂತೆ. ನಮ್ಮ ಬೆಂಗಳೂರೇ 900 ಮೀಟರ್ ಮೇಲೆ ಕೂತಿದೆ ಅಂದಾಗ ಜೊತೆಗೆ ಕೆಲಸ ಮಾಡೋ ಡಚ್ ಹುಡುಗನ ಮುಖ ನೋಡಬೇಕಿತ್ತು :)

ಗುಡ್ಡದ ತುದಿಯಲ್ಲಿ ನೆದರ್ಲ್ಯಾಂಡ್ಸ್, ಜರ್ಮನಿ, ಬೆಲ್ಜಿಯಂ ಮೂರೂ ಸೇರುತ್ತವೆ. ಬೇಲಿ ಇಲ್ಲ, ಪಹರೆ ಇಲ್ಲ, ಒಂದು ಕಲ್ಲು ಅಷ್ಟೆ. ಬೆಲ್ಜಿಯಂ ಬದಿಯಲ್ಲಿ 50 ಮೀಟರ್ ಎತ್ತರದ ಗೋಪುರ ಇದೆ. ಎಲ್ಲರೂ ಕಲ್ಲಿನ ಸುತ್ತ ಓಡಿ ಫೋಟೋ ತೆಗೆಸ್ಕೊತಾರೆ. ಅಮ್ಮನೂ ಸೀರೆ ಸ್ವಲ್ಪ ಎತ್ತಿ ಹಿಡಿದು ಮೂರು ದೇಶ ಸುತ್ತಿ ಬಂದಳು, ಥೇಟ್ ಪ್ರದಕ್ಷಿಣೆ ಹಾಕಿದ ಹಾಗೆ.

ಅಪ್ಪ ಮಾತ್ರ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ರು. ಸರ್ವೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಚೈನು ಹಿಡಿದು ಅರಸೀಕೆರೆ ಸುತ್ತಮುತ್ತ ಹೊಲ ಅಳೆದವರು. "ಬಾಂದುಕಲ್ಲು ಚೆನ್ನಾಗಿ ನೆಟ್ಟಿದಾರೆ ಕಣೋ. ನಮ್ಮಲ್ಲಾಗಿದ್ರೆ ರಾತ್ರೋರಾತ್ರಿ ಎರಡಡಿ ಸರಿಸಿರೋರು" ಅಂದ್ರು.

ಅಲ್ಲಿಗೆ ಹತ್ತುವ ರಸ್ತೆಯ ಹೆಸರಿನ ಅರ್ಥ 'ನಾಲ್ಕು ಗಡಿಗಳ ದಾರಿ'. ಮೂರು ದೇಶಕ್ಕೆ ನಾಲ್ಕು ಗಡಿ ಹೇಗೆ? ಇದರ ಕತೆ ಕೇಳಿ. ನೆಪೋಲಿಯನ್ ಸೋತ ಮೇಲೆ ಇಲ್ಲಿಯ ಸತುವಿನ ಗಣಿಯೊಂದು ತನಗೇ ಬೇಕು ಅಂತ ಪ್ರಷ್ಯಾ, ನೆದರ್ಲ್ಯಾಂಡ್ಸ್ ಎರಡೂ ಹಟ ಹಿಡಿದವು. ಇತ್ಯರ್ಥ ಆಗದೆ 1816ರಲ್ಲಿ ಗಣಿ ಇದ್ದ ಸುಮಾರು ಮೂರೂವರೆ ಚದರ ಕಿಲೋಮೀಟರ್ ಜಾಗವನ್ನ ಯಾರಿಗೂ ಕೊಡದೆ ಬಿಟ್ಟರು. ಅದೇ 'ತಟಸ್ಥ ಮೊರೆಸ್ನೆಟ್'. 1830ರಲ್ಲಿ ಬೆಲ್ಜಿಯಂ ಬೇರೆ ದೇಶ ಆದಾಗ ನೆದರ್ಲ್ಯಾಂಡ್ಸ್ ಜಾಗಕ್ಕೆ ಅದು ಬಂತು. ತೆರಿಗೆ ಕಮ್ಮಿ ಅಂತ ಜನ ಸೇರ್ಕೊಂಡ್ರು, 250ರಷ್ಟಿದ್ದವರು 1914ರ ಹೊತ್ತಿಗೆ ನಾಲ್ಕೂವರೆ ಸಾವಿರ ದಾಟಿದ್ರು. 1908ರಲ್ಲಿ ಅಲ್ಲಿಯ ವೈದ್ಯರೊಬ್ಬರು ಇದನ್ನ ಎಸ್ಪೆರಾಂಟೊ ಭಾಷೆಯ ದೇಶ ಮಾಡೋಣ, 'ಅಮಿಕೆಯೊ' ಅಂತ ಹೆಸರಿಡೋಣ ಅಂತ ಹೊರಟಿದ್ದರು. ಸ್ನೇಹದ ತಾಣ ಅಂತ ಅರ್ಥ. ಮೊದಲ ಮಹಾಯುದ್ಧ ಬಂತು, 1920ರಲ್ಲಿ ಜಾಗ ಬೆಲ್ಜಿಯಂಗೆ ಸೇರಿತು. ಈಗ ಅಲ್ಲಿರೋ ಊರು ಕೆಲ್ಮಿಸ್, ಮ್ಯೂಸಿಯಂ ಇದೆ. ಸತುವಿನ ಮಣ್ಣಲ್ಲಿ ಮಾತ್ರ ಬೆಳೆಯೋ ಪುಟ್ಟ ಹಳದಿ ಹೂವೂ ಸಿಗುತ್ತೆ.

ಉಳಿದ ಜಾಗಗಳನ್ನ ಬೇಗ ಹೇಳ್ತೀನಿ.

ಆಖೆನ್: ಶಾರ್ಲಮೇನ್ ಕಟ್ಟಿಸಿದ, 814ರಲ್ಲಿ ಸತ್ತ ಮೇಲೆ ಅವನನ್ನೇ ಹೂಳಿದ ಚರ್ಚು. 1978ರಲ್ಲಿ ಯುನೆಸ್ಕೋ ಮಾಡಿದ ಮೊದಲ ಪಟ್ಟಿಯ ಹನ್ನೆರಡು ತಾಣಗಳಲ್ಲಿ ಒಂದು. ಪಕ್ಕದಲ್ಲೇ ಗಂಧಕದ ಬಿಸಿನೀರಿನ ಬುಗ್ಗೆ. ಅಮ್ಮ ಮೂಗು ಮುಚ್ಕೊಂಡು "ಯಾರೋ ಮೊಟ್ಟೆ ಬೇಯಿಸಿದಾರೆ" ಅಂತ ಹತ್ತಿರ ಬರಲೇ ಇಲ್ಲ.

ಮಾಸ್ಟ್ರಿಕ್ಟ್: ವಾಲ್ಸ್‌ನಿಂದ 350 ನಂಬರಿನ ಬಸ್ಸು. ಐರೋಪ್ಯ ಒಕ್ಕೂಟದ ಒಪ್ಪಂದಕ್ಕೆ 1992ರಲ್ಲಿ ಸಹಿ ಬಿದ್ದ ಊರು. ಹಳೇ ಚರ್ಚೊಳಗೆ ಪುಸ್ತಕದಂಗಡಿ ಇದೆ, ತಪ್ಪಿಸ್ಕೊಬೇಡಿ.

ಮಾರ್ಗ್ರಾಟನ್: ಅದೇ ದಾರಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸತ್ತ ಎಂಟು ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಸಮಾಧಿ. ಒಂದೊಂದನ್ನೂ ಸ್ಥಳೀಯ ಮನೆಯವರು ದತ್ತು ತಗೊಂಡು ಹೂವಿಡ್ತಾರೆ. ಅಲ್ಲಿ ಮೂವರೂ ಮಾತಾಡಲಿಲ್ಲ.

ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ. ಗಡಿಯಲ್ಲಿ ಬೇಲಿ ಇಲ್ಲ ನಿಜ, ಆದ್ರೆ 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲಾ ನೆಲಗಡಿಗಳಲ್ಲೂ ಮತ್ತೆ ತಪಾಸಣೆ ಶುರು ಮಾಡಿತು. ನಮ್ಮಂಥ ಹೊರಗಿನವರಿಗೆ ಗೆರೆ ಯಾವಾಗ ಕಾಣಿಸ್ಕೊಳ್ಳುತ್ತೋ ಹೇಳಕ್ಕಾಗಲ್ಲ.

ಇನ್ನೊಂದು ವಿಷಯ. ಇಲ್ಲಿ ಖಾಯಂ ಆಗಿ ಇರೋ ಪರವಾನಗಿಗೆ ಹಾಕೋ ಅರ್ಜಿ ನನ್ನ ಮೇಜಿನ ಮೇಲೆ ಎರಡು ತಿಂಗಳಿಂದ ಬಿದ್ದಿತ್ತು. ಅಪ್ಪನ ಕಣ್ಣಿಗೆ ಬಿದ್ದಿರುತ್ತೆ ಅಂತ ಗೊತ್ತಿತ್ತು, ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮ ಮಾತ್ರ ದಿನಾ "ಮುಂದಿನ ವರ್ಷ ಬಂದ್ಬಿಡ್ತೀಯಲ್ಲಾ" ಅಂತಿದ್ಲು. ಕೆಲ್ಮಿಸ್‌ನ ಮ್ಯೂಸಿಯಂನಿಂದ ಹೊರಗೆ ಬಂದು ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ "ಯಾವ ದೇಶಕ್ಕೂ ಸೇರದೆ ಈ ಜನ ನೂರು ವರ್ಷ ಆರಾಮಾಗೇ ಇದ್ರಲ್ಲಪ್ಪ" ಅಂದೆ, ತಮಾಷೆಗೆ ಅನ್ನೋ ಹಾಗೆ.

ಅಪ್ಪ ಕೈ ತೊಳ್ಕೊಂಡು ಹೇಳಿದ್ರು. "ಎರಡೂರಲ್ಲೂ ಜಮೀನಿಟ್ಟಿದ್ದವರನ್ನ ಬೇಕಾದಷ್ಟು ನೋಡಿದೀನಿ. ಅದೇನು ತಪ್ಪಲ್ಲ. ಆದ್ರೆ ಎರಡೂ ಕಡೆ ಕಂದಾಯ ಕಟ್ಟಬೇಕಾಗುತ್ತೆ. ಕಟ್ಟೋ ಶಕ್ತಿ ಇದೆಯಾ ನೋಡ್ಕೊ, ಅರ್ಜಿ ಹಾಕು." ಅಮ್ಮ ಏನೂ ಅನ್ನದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಅರ್ಜಿ ಹೋದ ವಾರ ಹಾಕಿದೆ. ಊರಿಗೆ ಡಿಸೆಂಬರಿನ ಟಿಕೆಟ್ಟೂ ಅವತ್ತೇ ಮಾಡಿಸಿದೆ, ಮೊದಲ ಕಂತಿನ ಕಂದಾಯ ಅಂತ. ನಿಮ್ಮಲ್ಲಿ ಎಷ್ಟು ಜನ ಎರಡೂರಿಗೆ ಕಟ್ತಿದೀರಿ? ಹೇಗೆ ನಿಭಾಯಿಸ್ತೀರಿ, ಹೇಳಿ.